ಪಾಳಿ ಮುಗಿದ ಮೇಲಿನ ಪಾಠ

ಹಟ್ಟಿಯಲ್ಲಿ ಕಾಲವನ್ನು ಅಳೆಯುವುದು ಪಾಳಿಯಿಂದ. ಚಿನ್ನದ ಗಣಿಯು ಹಗಲಿರುಳೆನ್ನದೆ ಮೂರು ಪಾಳಿಗಳಲ್ಲಿ ನಡೆಯುವ ಈ ಊರಿನಲ್ಲಿ ಊಟ, ನಿದ್ರೆ, ನೆಂಟರ ಮನೆಯ ಮದುವೆ, ಕೊನೆಗೆ ಭಾನುವಾರದ ಬಲಿಪೂಜೆಗೆ ಹೋಗುವ ಹೊತ್ತು ಕೂಡ ಪಾಳಿಯನ್ನು ನೋಡಿಕೊಂಡೇ ನಿರ್ಧಾರವಾಗುತ್ತದೆ. ಗಣಿಗಿಳಿಯುವ ಗಂಡಸರ ಪಾಳಿಯನ್ನು ಎಲ್ಲರೂ ಬಲ್ಲರು. ಆದರೆ ಅದೇ ಊರಿನಲ್ಲಿ, ಅನೇಕ ವೇಳೆ ಅದೇ ಮನೆಗಳಲ್ಲಿ, ಇನ್ನೊಂದು ಪಾಳಿಯೂ ಇದೆ. ಅದು ದಾದಿಯರ ಪಾಳಿ. ಗಂಡ ಗಣಿಯಿಂದ ಮೇಲೆ ಬರುವ ಹೊತ್ತಿಗೆ ಹೆಂಡತಿ ಆಸ್ಪತ್ರೆಗೆ ಹೊರಟು ನಿಂತಿರುತ್ತಾಳೆ. ಬಾಗಿಲಲ್ಲಿ ಭೇಟಿ, ಬಾಗಿಲಲ್ಲೇ ಬೀಳ್ಕೊಡುಗೆ.

ಇಂಥ ಒಂದು ಮನೆಯನ್ನು ನಮ್ಮೊಡನೆ ಕಲ್ಪಿಸಿಕೊಳ್ಳಬೇಕೆಂದು ಓದುಗರನ್ನು ಕೋರುತ್ತೇವೆ. ಕಲ್ಪನೆಯೇ ಆದರೂ ಹಟ್ಟಿ, ಲಿಂಗಸುಗೂರು, ಮಸ್ಕಿ, ಸಿಂಧನೂರುಗಳ ಕಥೋಲಿಕ ಕುಟುಂಬಗಳಲ್ಲಿ ಅನೇಕರು ಇದನ್ನು ತಮ್ಮದೇ ಮನೆಯೆಂದು ಗುರುತಿಸಿಯಾರು. ಯಜಮಾನರು ಗಣಿಯಲ್ಲಿ ಕೆಲಸಕ್ಕಿದ್ದಾರೆ. ಮನೆಯಾಕೆ ಪಿಯುಸಿ ಮುಗಿಸಿ, ಜನರಲ್ ನರ್ಸಿಂಗ್ ಡಿಪ್ಲೊಮಾ ಪಡೆದು, ರಾಜ್ಯದ ಶುಶ್ರೂಷಾ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿಕೊಂಡು, ಹತ್ತು ವರ್ಷಗಳಿಂದ ಆಸ್ಪತ್ರೆಯೊಂದರಲ್ಲಿ ದುಡಿಯುತ್ತಿದ್ದಾರೆ. ಇಬ್ಬರು ಮಕ್ಕಳು, ವಯಸ್ಸಾದ ಅತ್ತೆ. ಒಂದು ರಾತ್ರಿ ಊಟದ ವೇಳೆ ಆಕೆ, "ನಾನು ಬಿ.ಎಸ್ಸಿ. ನರ್ಸಿಂಗ್ ಓದಬೇಕಂತ ಮಾಡೀನಿ" ಎನ್ನುತ್ತಾರೆ. ಯಾರೂ ಮಾತಾಡುವುದಿಲ್ಲ. ಸ್ವಲ್ಪ ಹೊತ್ತಿನ ಅನಂತರ ಅತ್ತೆ ಕೇಳುತ್ತಾರೆ: "ನೌಕರಿ ಐತಲ್ಲವ್ವಾ, ಮತ್ಯಾಕ ಓದು?"

ಈ ಪ್ರಶ್ನೆಯಲ್ಲಿ ಕೆಡುಕೇನೂ ಇಲ್ಲ. ಸೊಸೆಯ ದಣಿವನ್ನು ದಿನವೂ ಕಾಣುವ ಹಿರಿಯ ಜೀವವೊಂದರ ಪ್ರಶ್ನೆ ಅದು. ಆದುದರಿಂದ ಅದಕ್ಕೆ ಸರಿಯಾದ ಉತ್ತರ ಕೊಡುವುದು ಅವಶ್ಯ. ಈ ವಾರ ನಾವು ಮಾಡಹೊರಟಿರುವುದು ಅಷ್ಟನ್ನೇ.

ನೌಕರಿ ಇದ್ದರೂ ಓದೇಕೆ?

ಮೊದಲ ಉತ್ತರ ಎಲ್ಲರಿಗೂ ತಿಳಿದದ್ದೇ. ಡಿಪ್ಲೊಮಾದ ಮೇಲೆ ಪದವಿ ಸೇರಿದರೆ ಮುಂದಿನ ಬಾಗಿಲುಗಳು ತೆರೆಯುತ್ತವೆ. ಎಂ.ಎಸ್ಸಿ. ನರ್ಸಿಂಗ್ ಓದಬೇಕಾದರೂ, ನರ್ಸಿಂಗ್ ಕಾಲೇಜಿನಲ್ಲಿ ಬೋಧಿಸಬೇಕಾದರೂ ಬಿ.ಎಸ್ಸಿ. ಬೇಕೇ ಬೇಕು. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ ಯೋಜನೆಯಡಿ ಗ್ರಾಮಗಳ ಉಪಕೇಂದ್ರಗಳಿಗೆ ಸಮುದಾಯ ಆರೋಗ್ಯ ಅಧಿಕಾರಿಗಳನ್ನು ನೇಮಿಸತೊಡಗಿದಾಗ ನರ್ಸಿಂಗ್ ಪದವೀಧರರಿಗೆ ತಮ್ಮ ಊರಿನ ಸಮೀಪದಲ್ಲೇ ಹೊಸ ಬಗೆಯ ಜವಾಬ್ದಾರಿ ಒದಗಿತು. ವೇತನ ಮತ್ತು ಬಡ್ತಿಯ ಮಾತನ್ನು ಲೌಕಿಕವೆಂದು ತಳ್ಳಿಹಾಕುವುದು ಸುಲಭ. ಮಕ್ಕಳ ಶಾಲೆಯ ಶುಲ್ಕ ಕಟ್ಟುವ ತಾಯಂದಿರು ಹಾಗೆ ತಳ್ಳಿಹಾಕಲಾರರು, ತಳ್ಳಿಹಾಕಲೂ ಬೇಕಾಗಿಲ್ಲ.

ಎರಡನೆಯ ಉತ್ತರ ರೋಗಿಯ ಹಾಸಿಗೆಯ ಬಳಿ ದೊರೆಯುತ್ತದೆ. ಅಮೆರಿಕದ ಸಂಶೋಧಕಿ ಲಿಂಡಾ ಐಕೆನ್ ಮತ್ತು ಅವರ ಸಂಗಡಿಗರು ಪೆನ್ಸಿಲ್ವೇನಿಯ ರಾಜ್ಯದ 168 ಆಸ್ಪತ್ರೆಗಳನ್ನು ಪರಿಶೀಲಿಸಿ 2003ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಆಸ್ಪತ್ರೆಯ ದಾದಿಯರಲ್ಲಿ ಪದವೀಧರರ ಪ್ರಮಾಣ ಶೇಕಡಾ 10ರಷ್ಟು ಹೆಚ್ಚಾದಲ್ಲಿ, ಶಸ್ತ್ರಚಿಕಿತ್ಸೆಯಾದ ರೋಗಿಗಳು 30 ದಿನಗಳೊಳಗೆ ಸಾಯುವ ಸಂಭವ ಸುಮಾರು ಶೇಕಡಾ 5ರಷ್ಟು ಕಡಿಮೆಯಿರುವುದು ಕಂಡುಬಂತು. ಯೂರೋಪಿನ 9 ದೇಶಗಳಲ್ಲಿ ನಡೆದು 2014ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಈ ಇಳಿಕೆ ಶೇಕಡಾ 7ರಷ್ಟಿತ್ತು. ಆ ದೇಶಗಳ ಅಂಕಿಗಳನ್ನು ಹಾಗೆಯೇ ರಾಯಚೂರು ಜಿಲ್ಲೆಗೆ ಅನ್ವಯಿಸಲಾಗದು. ಪದವಿಯೊಂದೇ ಇದಕ್ಕೆ ಕಾರಣವೆಂದೂ ಹೇಳಲಾಗದು. ಆದರೂ ದಾದಿಯ ಓದಿಗೂ ರೋಗಿಯ ಉಳಿವಿಗೂ ನಂಟಿದೆಯೆಂಬ ಮಾತನ್ನು ಈ ಅಧ್ಯಯನಗಳು ಬಲಪಡಿಸುತ್ತವೆ.

ಇದನ್ನು ಹೇಳುವಾಗ ಡಿಪ್ಲೊಮಾ ಪಡೆದ ನಮ್ಮ ದಾದಿಯರನ್ನು ಕಡೆಗಣಿಸುವ ಉದ್ದೇಶ ನಮಗೆ ಎಳ್ಳಷ್ಟೂ ಇಲ್ಲ. ಸಿಂಧನೂರಿನ ನೀರಾವರಿ ಗದ್ದೆಗಳಿಂದ ಹಾವು ಕಚ್ಚಿಸಿಕೊಂಡು ಬಂದವನನ್ನೂ, ತಾಂಡಾದಿಂದ ಹೆರಿಗೆ ನೋವಿನಲ್ಲಿ ಬಂದ ರಕ್ತಹೀನ ತಾಯಿಯನ್ನೂ, ಕಲ್ಲುಧೂಳು ಕುಡಿದು ಏದುಸಿರು ಬಿಡುವ ಹಳೆಯ ಕಾರ್ಮಿಕನನ್ನೂ ಮೊದಲು ಕೈಹಿಡಿದು ಒಳಗೆ ಕರೆದುಕೊಳ್ಳುವವರು ಅವರೇ. ಏನು ಮಾಡಬೇಕೆಂಬುದನ್ನು ಅನುಭವ ಕಲಿಸಿರುತ್ತದೆ. ಏಕೆ ಮಾಡಬೇಕು, ಈ ವಾರ್ಡಿನಲ್ಲಿ ಇದೇ ತೊಂದರೆ ಮತ್ತೆ ಮತ್ತೆ ಏಕೆ ಬರುತ್ತಿದೆ, ಮನೆಗೆ ಹಿಂತಿರುಗಿದ ರೋಗಿ ಮತ್ತೆ ಬರದಂತೆ ಮಾಡುವುದು ಹೇಗೆ ಎಂಬ ಪ್ರಶ್ನೆಗಳಿಗೆ ದಾರಿ ತೋರುವುದು ಓದು. ಪದವಿಯ ಪಠ್ಯದಲ್ಲಿ ಸಮುದಾಯ ಆರೋಗ್ಯ, ಮಾನಸಿಕ ಆರೋಗ್ಯ, ಶುಶ್ರೂಷಾ ಆಡಳಿತ, ಬೋಧನೆ ಮತ್ತು ಸಂಶೋಧನೆಗಳಿಗೆ ಸ್ಥಾನವಿರುವುದು ಈ ಕಾರಣದಿಂದಲೇ.

ಕಥೋಲಿಕರಾದ ನಮಗೆ ಈ ಮಾತು ಹೊಸದಲ್ಲ. ಬೆಂಗಳೂರಿನಲ್ಲಿ ಗುಡ್ ಶೆಫರ್ಡ್ ಧರ್ಮಭಗಿನಿಯರು 1886ರಲ್ಲಿ ಸೇಂಟ್ ಮಾರ್ಥಾ ಆಸ್ಪತ್ರೆಯನ್ನೂ, ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ 1880ರಲ್ಲಿ ತಮ್ಮ ಔಷಧಾಲಯವನ್ನೂ ಆರಂಭಿಸಿದ್ದು ಸೇವೆಯ ಮನಸ್ಸಿನಿಂದ. ಆದರೆ ಮನಸ್ಸೊಂದೇ ಸಾಲದು, ತರಬೇತಿ ಬೇಕು ಎಂಬುದನ್ನು ಮನಗಂಡವರಲ್ಲಿ ಆಸ್ಟ್ರೇಲಿಯದಿಂದ ಬಂದು ಗುಂಟೂರಿನಲ್ಲಿ ನೆಲೆಸಿದ ವೈದ್ಯೆ, ಧರ್ಮಭಗಿನಿ ಡಾ. ಮೇರಿ ಗ್ಲೌರಿ ಪ್ರಮುಖರು. ಅವರು 1943ರಲ್ಲಿ ಕಟ್ಟಿದ ಸಂಘವೇ ಇಂದಿನ ಭಾರತೀಯ ಕಥೋಲಿಕ ಆರೋಗ್ಯ ಸಂಘವಾಗಿ ಬೆಳೆದಿದೆ. ಕಥೋಲಿಕರದೇ ಆದ ವೈದ್ಯಕೀಯ ಕಾಲೇಜು ಬೇಕೆಂಬ ಅವರ ಹಂಬಲ 1963ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಕಾಲೇಜಿನ ರೂಪದಲ್ಲಿ ಕೈಗೂಡಿತು. ಅದನ್ನು ಕಾಣಲು ಅವರು ಉಳಿದಿರಲಿಲ್ಲ.

ದುಡಿಯುವವರಿಗಾಗಿ ತೆರೆದ ದಾರಿ

ನಮ್ಮ ದೇಶದಲ್ಲಿ ನರ್ಸಿಂಗ್ ಪದವಿ ಶಿಕ್ಷಣ ಮೊದಲುಗೊಂಡದ್ದು 1946ರಲ್ಲಿ, ದೆಹಲಿ ಮತ್ತು ವೆಲ್ಲೂರುಗಳಲ್ಲಿ. ಈಗಾಗಲೇ ಡಿಪ್ಲೊಮಾ ಪಡೆದು ದುಡಿಯುತ್ತಿರುವವರು ಮತ್ತೆ ಮೊದಲಿನಿಂದ ಆರಂಭಿಸದೆ ಎರಡು ವರ್ಷಗಳಲ್ಲಿ ಪದವಿ ಪಡೆಯುವ ವ್ಯವಸ್ಥೆ 1963ರಲ್ಲಿ ತಿರುವನಂತಪುರದಲ್ಲಿ ಆರಂಭವಾಯಿತು. ಇದನ್ನೇ ಈಗ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ನರ್ಸಿಂಗ್ ಎನ್ನುತ್ತೇವೆ. ಕರ್ನಾಟಕದಲ್ಲಿ 1996ರಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಧೀನದ ಕಾಲೇಜುಗಳು ಇದನ್ನು ನಡೆಸುತ್ತವೆ.

ಆದರೆ ಎರಡು ವರ್ಷ ಕೆಲಸ ಬಿಟ್ಟು ಕಾಲೇಜಿನಲ್ಲಿ ಕುಳಿತುಕೊಳ್ಳುವುದು ಎಷ್ಟು ಮಂದಿಗೆ ಸಾಧ್ಯ? ಸರ್ಕಾರಿ ನೌಕರಿಯಲ್ಲಿರುವವರಿಗೆ ನಿಯಮಾನುಸಾರ ಅಧ್ಯಯನ ರಜೆಯ ಅವಕಾಶವುಂಟು. ಖಾಸಗಿ ಆಸ್ಪತ್ರೆಯ ದಾದಿಗೆ ಕೆಲಸ ಬಿಡುವುದೆಂದರೆ ಸಂಬಳ ಬಿಡುವುದು.

ಈ ಕಷ್ಟವನ್ನು ಅರಿತು 1994ರಲ್ಲಿ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯವು ಭಾರತೀಯ ಶುಶ್ರೂಷಾ ಪರಿಷತ್ತಿನ ಸಹಕಾರದೊಡನೆ ದೂರಶಿಕ್ಷಣದ ಮೂಲಕ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ನರ್ಸಿಂಗ್ ಆರಂಭಿಸಿತು. ಇದು ಸೇವೆಯಲ್ಲಿರುವ ದಾದಿಯರಿಗಾಗಿಯೇ ರೂಪಿಸಿದ ಶಿಕ್ಷಣ. ನೋಂದಾಯಿತ ದಾದಿಯಾಗಿರಬೇಕು, ಪಿಯುಸಿಯ ಮೇಲೆ ಡಿಪ್ಲೊಮಾ ಪಡೆದವರಿಗೆ ಕನಿಷ್ಠ 2 ವರ್ಷಗಳ, ಎಸ್ಸೆಸ್ಸೆಲ್ಸಿಯ ಮೇಲೆ ಡಿಪ್ಲೊಮಾ ಪಡೆದವರಿಗೆ ಕನಿಷ್ಠ 5 ವರ್ಷಗಳ ಸೇವಾನುಭವವಿರಬೇಕು, ಪ್ರವೇಶ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು ಎಂಬ ನಿಬಂಧನೆಗಳನ್ನು ವಿಧಿಸಲಾಯಿತು. ಕಾಲೇಜಿನ ಎರಡು ವರ್ಷಗಳ ಓದಿಗೆ ಇಲ್ಲಿ ಕನಿಷ್ಠ 3 ವರ್ಷಗಳನ್ನು ಗೊತ್ತುಪಡಿಸಲಾಯಿತು.

ಇಲ್ಲೊಂದು ಮಾತನ್ನು ಒತ್ತಿ ಹೇಳಬೇಕು. ಇದು ಮನೆಯಲ್ಲೇ ಕುಳಿತು ಮುಗಿಸಬಹುದಾದ ಓದಾಗಿ ಹುಟ್ಟಲಿಲ್ಲ. ಪುಸ್ತಕಗಳು ಮನೆಗೆ ಬಂದವು, ನಿಜ. ಆದರೆ ಅಧ್ಯಯನ ಕೇಂದ್ರಗಳನ್ನು ನರ್ಸಿಂಗ್ ಕಾಲೇಜುಗಳಲ್ಲಿ ತೆರೆಯಲಾಯಿತು. ಅನುಭವಿ ಬೋಧಕರ ಕಣ್ಣಮುಂದೆ ಆಸ್ಪತ್ರೆಯ ವಾರ್ಡುಗಳಲ್ಲಿ ಪ್ರಾಯೋಗಿಕ ಕೆಲಸ ಮಾಡುವುದನ್ನು ಕಡ್ಡಾಯಗೊಳಿಸಲಾಯಿತು. ತಾನು ದುಡಿಯುವ ಆಸ್ಪತ್ರೆಯಲ್ಲೇ ಮಾಡಿ ದಾಖಲಿಸಬೇಕಾದ ಕೆಲಸಗಳೂ ಇದ್ದವು.

ಆನ್‌ಲೈನ್ ಎಂದರೆ ಎಷ್ಟು?

ಈಗ ಎಲ್ಲರ ಕೈಯಲ್ಲೂ ಮೊಬೈಲು ಇದೆ. ಅಮೆರಿಕದಲ್ಲಿರುವ ನೆಂಟರು, "ಇಲ್ಲಿ ನರ್ಸುಗಳು ಆನ್‌ಲೈನಿನಲ್ಲೇ ಡಿಗ್ರಿ ಮಾಡ್ತಾರೆ" ಎಂದು ಹೇಳುವುದನ್ನು ಅನೇಕರು ಕೇಳಿರಬಹುದು. ಅದು ಸುಳ್ಳಲ್ಲ. ಅಲ್ಲಿ ಎರಡು ಮೂರು ವರ್ಷಗಳ ಕಾಲೇಜು ಶಿಕ್ಷಣ ಪಡೆದು ನೋಂದಾಯಿತರಾದ ದಾದಿಯರು ಕೆಲಸದಲ್ಲಿದ್ದುಕೊಂಡೇ ಆನ್‌ಲೈನ್ ಮೂಲಕ ಬಿ.ಎಸ್ಸಿ. ಪದವಿಗೆ ಏರುವ ವ್ಯವಸ್ಥೆ ವ್ಯಾಪಕವಾಗಿದೆ. 2020ರ ವೇಳೆಗೆ ಶೇಕಡಾ 80ರಷ್ಟು ದಾದಿಯರು ಪದವೀಧರರಾಗಬೇಕೆಂದು 2010ರಲ್ಲಿ ಅಲ್ಲಿನ ವೈದ್ಯಕೀಯ ಸಂಸ್ಥೆಯೊಂದು ಶಿಫಾರಸು ಮಾಡಿತ್ತು. ನ್ಯೂಯಾರ್ಕ್ ರಾಜ್ಯವು 2017ರಲ್ಲಿ ಕಾನೂನನ್ನೇ ಮಾಡಿ, ಹೊಸದಾಗಿ ನೋಂದಾಯಿತರಾಗುವ ದಾದಿಯರು 10 ವರ್ಷಗಳೊಳಗೆ ಪದವಿ ಪಡೆಯಬೇಕೆಂದು ವಿಧಿಸಿತು.

ನಮ್ಮಲ್ಲಿ ಸ್ಥಿತಿ ಬೇರೆ. ವಿಶ್ವವಿದ್ಯಾಲಯ ಅನುದಾನ ಆಯೋಗದ ನಿಯಮಗಳು ದೂರಶಿಕ್ಷಣ ಮತ್ತು ಆನ್‌ಲೈನ್ ಮೂಲಕ ನೀಡಬಾರದ ವಿಷಯಗಳ ಸಾಲಿನಲ್ಲಿ ನರ್ಸಿಂಗನ್ನೂ ಸೇರಿಸಿವೆ. ಪರಿಷತ್ತಿನ ಮಾನ್ಯತೆಯೊಡನೆ ನಡೆದುಬಂದ ಮುಕ್ತ ವಿಶ್ವವಿದ್ಯಾಲಯದ ಶಿಕ್ಷಣ ಒಂದು ವಿಶೇಷ ವ್ಯವಸ್ಥೆಯೇ ಹೊರತು ಸಾಮಾನ್ಯ ನಿಯಮವಲ್ಲ. ಆದುದರಿಂದ ಪೂರ್ತಿಯಾಗಿ ಆನ್‌ಲೈನಿನಲ್ಲಿ ನರ್ಸಿಂಗ್ ಪದವಿ ಕೊಡುತ್ತೇವೆಂದು ಯಾರಾದರೂ ಹೇಳಿದರೆ ಮೊದಲು ಅನುಮಾನಿಸಬೇಕು. ಹಾಗೆಂದು ಆನ್‌ಲೈನ್ ನಿರುಪಯುಕ್ತವೆಂದಲ್ಲ. ಮುಕ್ತ ವಿಶ್ವವಿದ್ಯಾಲಯದ ಪಾಠಗಳು ಇ-ಜ್ಞಾನಕೋಶ ಎಂಬ ಅಂತರ್ಜಾಲ ಭಂಡಾರದಲ್ಲಿ ಉಚಿತವಾಗಿ ಓದಲು ದೊರೆಯುತ್ತವೆ. ರಾತ್ರಿ ಪಾಳಿಯಿಂದ ಬಂದವರು ಮಧ್ಯಾಹ್ನ ಎದ್ದು ಪಾಠ ಓದಬಹುದು. ಓದನ್ನು ಮೊಬೈಲಿನಿಂದ ಪಡೆಯಬಹುದು. ಕೈಗೆ ಬರಬೇಕಾದ ವಿದ್ಯೆಯನ್ನು ವಾರ್ಡಿನಲ್ಲೇ ಪಡೆಯಬೇಕು.

ನಾವು ಕಲ್ಪಿಸಿಕೊಂಡ ಮನೆಗೆ ಹಿಂತಿರುಗೋಣ. ಯಜಮಾನರು ಹೆಂಡತಿಯ ಆಸೆಯನ್ನು ಮನಸ್ಸಿಗೆ ತಂದುಕೊಂಡು, ಯಾರೋ ಕೊಟ್ಟ ಕರಪತ್ರವೊಂದನ್ನು ಒಂದು ದಿನ ಮನೆಗೆ ತರುತ್ತಾರೆ. ತರಗತಿಗೆ ಹೋಗಬೇಕಾಗಿಲ್ಲ, ಪರೀಕ್ಷೆಯ ಚಿಂತೆ ಬೇಡ, ಮುಂಗಡ ಕಟ್ಟಿದರೆ ಪದವಿ ಮನೆಗೇ ಬರುತ್ತದೆ ಎಂದು ಅದರಲ್ಲಿದೆ. ಅವರು ತಂದದ್ದು ಪ್ರೀತಿಯಿಂದಲೇ. ಆಕೆ ಓದಿ ನೋಡಿ ಒಂದೇ ಪ್ರಶ್ನೆ ಕೇಳುತ್ತಾರೆ: "ಹಂಗಾರ ವಾರ್ಡಿನ್ಯಾಗ ನನಗ ಕಲಸೋರು ಯಾರ್ರೀ?"

ಆ ಪ್ರಶ್ನೆಗೆ ಉತ್ತರವಿಲ್ಲದ ಪದವಿ ಪದವಿಯಲ್ಲ. ಪರಿಷತ್ತು ಒಪ್ಪದ ಪ್ರಮಾಣಪತ್ರವನ್ನು ಹೆಚ್ಚುವರಿ ಅರ್ಹತೆಯಾಗಿ ನೋಂದಾಯಿಸಲು ಬರುವುದಿಲ್ಲ. ಕೂಡಿಟ್ಟ ಹಣ ಹೋಗುತ್ತದೆ, ವರ್ಷಗಳು ಹೋಗುತ್ತವೆ, ಕೆಲಸಕ್ಕೆ ಅರ್ಜಿ ಹಾಕಿದ ದಿನ ಮರ್ಯಾದೆಯೂ ಹೋಗುತ್ತದೆ. ಅದಕ್ಕಿಂತ ಮಿಗಿಲಾಗಿ, ಕಲಿಯದೆ ಪಡೆದ ಪದವಿಯನ್ನು ನಂಬಿ ಹಾಸಿಗೆಯ ಮೇಲೆ ಮಲಗಿರುವವನೊಬ್ಬನಿರುತ್ತಾನೆ. ಅವನು ನಮ್ಮ ಅಣ್ಣನಿರಬಹುದು, ನಮ್ಮ ಮಗುವಿರಬಹುದು.

ಹೊರಡುವ ಮುನ್ನ

ಆದುದರಿಂದ ಅರ್ಜಿ ಹಾಕುವ ಮುನ್ನ ಕೆಲವು ವಿಷಯಗಳನ್ನು ಖಚಿತಪಡಿಸಿಕೊಳ್ಳುವುದು ಒಳಿತು. ಸೇರಬೇಕೆಂದಿರುವ ಕಾಲೇಜು ಅಥವಾ ಅಧ್ಯಯನ ಕೇಂದ್ರದ ಹೆಸರು ಆ ವರ್ಷ ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನ್ಯತಾ ಪಟ್ಟಿಯಲ್ಲಿದೆಯೇ ಎಂದು ನೋಡಬೇಕು. ರಾಜ್ಯ ಪರಿಷತ್ತಿನಲ್ಲಿಯೂ ವಿಚಾರಿಸಬೇಕು. 1947ರ ಪರಿಷತ್ತಿನ ಕಾಯಿದೆಯ ಸ್ಥಾನದಲ್ಲಿ ಹೊಸ ರಾಷ್ಟ್ರೀಯ ಆಯೋಗವನ್ನು ರಚಿಸುವ ಅಧಿನಿಯಮವನ್ನು ಸಂಸತ್ತು 2023ರಲ್ಲಿ ಅಂಗೀಕರಿಸಿರುವುದರಿಂದ, ಹಳೆಯ ಪಟ್ಟಿಯನ್ನೋ ಪರಿಚಿತರ ಮಾತನ್ನೋ ನಂಬದೆ ಆಯಾ ವರ್ಷದ ಅಧಿಕೃತ ಪ್ರಕಟಣೆಯನ್ನೇ ಓದಬೇಕು. ಮುಕ್ತ ವಿಶ್ವವಿದ್ಯಾಲಯದ ಪ್ರಾದೇಶಿಕ ಕೇಂದ್ರ ವಿಜಯಪುರದಲ್ಲಿಯೂ ಇದೆ; ಆ ವರ್ಷ ಪ್ರವೇಶಾವಕಾಶವಿದೆಯೇ ಎಂಬುದನ್ನು ಹಣ ಕಟ್ಟುವ ಮೊದಲೇ ಅಲ್ಲಿ ಕೇಳಿ ತಿಳಿಯಬೇಕು.

ಕಾಲೇಜಿನ ಎರಡು ವರ್ಷಗಳ ಓದನ್ನೇ ಆರಿಸಿಕೊಳ್ಳುವವರು ಸಂವಿಧಾನದ 98ನೆಯ ತಿದ್ದುಪಡಿಯ ಮೂಲಕ ನಮ್ಮ ಭಾಗಕ್ಕೆ ದೊರೆತ 371(ಜೆ) ವಿಧಿಯ ಸೌಲಭ್ಯವನ್ನು ಮರೆಯಬಾರದು. ಶಿಕ್ಷಣ ಮತ್ತು ಉದ್ಯೋಗಗಳಲ್ಲಿ ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಕಲ್ಪಿಸಿರುವ ಈ ವಿಧಿಯ ಲಾಭ ಪಡೆಯಲು ಉಪವಿಭಾಗಾಧಿಕಾರಿಗಳ ಕಚೇರಿಯಿಂದ ಅರ್ಹತಾ ಪ್ರಮಾಣಪತ್ರ ಪಡೆಯಬೇಕಾಗುತ್ತದೆ. ನಮ್ಮವರಿಗೆ ಆ ಕಚೇರಿ ಲಿಂಗಸುಗೂರಿನಲ್ಲೇ ಇದೆ. ಕೊನೆಯ ದಿನದವರೆಗೆ ಕಾಯದೆ ಅದನ್ನು ಮೊದಲೇ ಮಾಡಿಸಿಟ್ಟುಕೊಳ್ಳುವುದು ಜಾಣತನ.

ಇನ್ನು ಸಮಯದ ಲೆಕ್ಕ. ಮುಕ್ತ ವಿಶ್ವವಿದ್ಯಾಲಯದ ಪದ್ಧತಿಯಲ್ಲಿ ಒಂದು ಕ್ರೆಡಿಟ್ ಎಂದರೆ 30 ಗಂಟೆಗಳ ಅಧ್ಯಯನ. 4 ಕ್ರೆಡಿಟ್‌ಗಳ ಒಂದು ವಿಷಯಕ್ಕೆ 120 ಗಂಟೆ. ದಿನಕ್ಕೆ ಎರಡು ಗಂಟೆ ತಪ್ಪದೆ ಓದಿದರೆ ಆ ಒಂದು ವಿಷಯಕ್ಕೆ 60 ದಿನ. ಮಗುವಿಗೆ ಜ್ವರ ಬಂದ ದಿನ, ಒಂದರ ಹಿಂದೆ ಒಂದು ಪಾಳಿ ಮಾಡಬೇಕಾಗಿ ಬಂದ ದಿನ ಈ ಲೆಕ್ಕದಲ್ಲಿ ಸೇರಿಲ್ಲ. ಜೊತೆಗೆ ಓದೆಲ್ಲ ಇಂಗ್ಲಿಷಿನಲ್ಲಿ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಮೊದಲ ಕೆಲವು ತಿಂಗಳು ಇದು ಬೆಟ್ಟದಂತೆ ಕಾಣುವುದು ಸಹಜ. ಆದರೆ ಒಂದು ಸಮಾಧಾನವುಂಟು. ಇಂಗ್ಲಿಷಿನಲ್ಲಿ ಓದಿದ್ದನ್ನು ರೋಗಿಗೆ ಕೊನೆಗೆ ಕನ್ನಡದಲ್ಲೇ ಹೇಳಬೇಕು, ತಾಂಡಾದವರಿಗೆ ಅವರ ಮಾತಿನಲ್ಲೇ ಹೇಳಬೇಕು. ಆ ಕೆಲಸದಲ್ಲಿ ನಮ್ಮ ದಾದಿಯರನ್ನು ಮೀರಿಸುವವರಿಲ್ಲ.

ಪದವಿ ಒಬ್ಬರದು, ದುಡಿಮೆ ಮನೆಯವರದು

ಈ ಎರಡು ಗಂಟೆಗಳು ಎಲ್ಲಿಂದ ಬರಬೇಕು? ದಾದಿಯ ನಿದ್ರೆಯಿಂದ ಬರಬಾರದು. ನಿದ್ರೆಗೆಟ್ಟ ದಾದಿಯಿಂದ ಔಷಧದ ಅಳತೆ ತಪ್ಪಬಹುದು. ಹಾಗಾದರೆ ಮನೆಯವರಿಂದಲೇ ಬರಬೇಕು. ಗಂಡನಾದವನು ಮಕ್ಕಳ ಶಾಲೆಯ ಪಾಠ ನೋಡಿಕೊಂಡರೆ ಅರ್ಧ ಗಂಟೆ, ನೀರು ತುಂಬಿದರೆ ಇನ್ನರ್ಧ ಗಂಟೆ. ಗಣಿಯ ಪಾಳಿಯನ್ನು ನಿಭಾಯಿಸುವ ಮನೆಗೆ ಓದಿನ ಪಾಳಿಯೊಂದನ್ನು ಹಂಚಿಕೊಳ್ಳುವುದು ಅಸಾಧ್ಯವಲ್ಲ. ಮಗ ಇಂಜಿನಿಯರಿಂಗ್ ಓದುವಾಗ ಮನೆಯೆಲ್ಲ ಸದ್ದಿಲ್ಲದೆ ನಡೆದಾಡುತ್ತದೆ. ತಾಯಿ ಓದುವಾಗಲೂ ಹಾಗೆಯೇ ನಡೆದಾಡಬಾರದೇಕೆ ಎಂದು ನಾವು ವಿನಯದಿಂದ ಕೇಳುತ್ತೇವೆ.

ಧರ್ಮಕೇಂದ್ರಗಳೂ ಈ ವಿಷಯದಲ್ಲಿ ಸುಮ್ಮನಿರಬೇಕಾಗಿಲ್ಲ. ಆದಿಲ್‌ಶಾಹಿ ಕಾಲದಿಂದಲೂ ಕಥೋಲಿಕರು ಬಾಳಿಬಂದಿರುವ ಮುದಗಲ್ ನಮ್ಮ ಲಿಂಗಸುಗೂರು ತಾಲ್ಲೂಕಿನಲ್ಲೇ ಇದೆ. ಇಷ್ಟು ಹಳೆಯ ಸಮುದಾಯಕ್ಕೆ ತನ್ನ ದುಡಿಯುವ ಹೆಣ್ಣುಮಕ್ಕಳ ಓದಿಗೆ ಒಂದು ಆಸರೆಯಾಗುವುದು ಕಷ್ಟವೇ? ಸಂಜೆ ವೇಳೆ ಓದಲು ಒಂದು ಶಾಂತವಾದ ಕೊಠಡಿ, ಇಂಗ್ಲಿಷ್ ಬಲ್ಲ ನಿವೃತ್ತ ಶಿಕ್ಷಕರೊಬ್ಬರ ವಾರದ ಒಂದು ಗಂಟೆ, ಪ್ರಾಯೋಗಿಕ ತರಗತಿಗೆಂದು ಬೇರೆ ಊರಿಗೆ ಹೋಗುವ ದಾದಿಗೆ ಅಲ್ಲಿನ ಕಾನ್ವೆಂಟಿನಲ್ಲೋ ಪರಿಚಿತರ ಮನೆಯಲ್ಲೋ ತಂಗಲು ಒಂದು ಪತ್ರ. ಇವಕ್ಕೆ ಹೆಚ್ಚಿನ ಹಣ ಬೇಡ, ಮನಸ್ಸಿದ್ದರೆ ಸಾಕು. ಆಸ್ಪತ್ರೆಗಳನ್ನು ನಡೆಸುವವರು ಪರೀಕ್ಷೆಯ ದಿನಗಳಲ್ಲಿ ಪಾಳಿ ಬದಲಿಸಿಕೊಡುವ ಔದಾರ್ಯ ತೋರಿದರೆ ಅದರ ಫಲ ಅವರ ಆಸ್ಪತ್ರೆಗೇ ದೊರೆಯುತ್ತದೆ.

ಹಟ್ಟಿಯವರಿಗೆ ಒಂದು ವಿಷಯವನ್ನು ನಾವು ಹೇಳಿಕೊಡಬೇಕಾಗಿಲ್ಲ. ಟನ್ನುಗಟ್ಟಲೆ ಕಲ್ಲನ್ನು ಮೇಲೆತ್ತಿ, ಪುಡಿಮಾಡಿ, ತೊಳೆದು, ಕಾಯಿಸಿದ ಮೇಲೆ ಪ್ರತಿ ಟನ್ನಿಗೆ ಸಿಗುವುದು ಕೆಲವೇ ಗ್ರಾಂ ಚಿನ್ನ. ಕಲ್ಲು ಎತ್ತದೆ ಚಿನ್ನ ಕೊಡುತ್ತೇನೆಂದು ಬಂದವನನ್ನು ಈ ಊರಿನಲ್ಲಿ ಯಾರೂ ನಂಬುವುದಿಲ್ಲ. ಪದವಿಯ ವಿಷಯದಲ್ಲಿಯೂ ಅದೇ ಎಚ್ಚರ, ಅದೇ ತಾಳ್ಮೆ ಇರಲಿ.

ನಮ್ಮ ಕಲ್ಪನೆಯ ಮನೆಯಲ್ಲಿ ಆ ಕರಪತ್ರ ಒಲೆಗೆ ಹೋಯಿತೆಂದುಕೊಳ್ಳೋಣ. ಸೊಸೆ ಇದನ್ನೆಲ್ಲ ಅತ್ತೆಗೆ ಬಿಡಿಸಿ ಹೇಳಿದ್ದಾರೆ. ಮೂರು ವರ್ಷ, ದಿನಕ್ಕೆ ಎರಡು ಗಂಟೆ, ನಡುನಡುವೆ ಬೇರೆ ಊರಿನ ಆಸ್ಪತ್ರೆಯಲ್ಲಿ ಕಲಿಕೆ. ಅತ್ತೆ ಎಲ್ಲವನ್ನೂ ಕೇಳಿಸಿಕೊಂಡು, ಸೆರಗಿಗೆ ಕೈ ಒರೆಸಿಕೊಂಡು ಏಳುತ್ತಾರೆ. "ಆತು ಬಿಡವ್ವಾ. ಸಂಜೀ ರೊಟ್ಟಿ ನಾ ಬಡೀತೀನಿ. ನೀ ಓದ್ಕೋ" ಎನ್ನುತ್ತಾರೆ.

ಇಂಥ ಮಾತು ನಮ್ಮ ಮನೆಮನೆಗಳಲ್ಲಿಯೂ ಕೇಳಿಬರಲೆಂದು ಹಾರೈಸುತ್ತೇವೆ.